ಮಣ್ಣಿಗೆ ಕರೆಯದ ಮಗಳು

ಸಿಂದಗಿ
೨೮ ಜುಲೈ ೨೦೨೪

ಪ್ರೀತಿಯ ಸುವರ್ಣಾ,

“ನೀರ ಎರೆಯೋ ಕೈಗೆ ಯಾರ ಕೂಸಾದರೇನ…” ಅವ್ವ ಕೂಸುಗಳಿಗೆ ಎರೆಯುವಾಗ ಗುನುಗುತ್ತಿದ್ದ ಸಾಲು. ಮುಂದೇನೋ ಇತ್ತು. ಬೆಳಗಿನಿಂದ ತಡಕುತ್ತಿದ್ದೇನೆ, ಸಿಗುತ್ತಿಲ್ಲ. ಅರ್ಧ ನೆನಪಾದ ಸಾಲುಗಳನ್ನು ನಾನು ಪೂರ್ತಿ ನಂಬುವುದಿಲ್ಲ, ಮರೆತ ಅರ್ಧದಲ್ಲಿ ಬೇರೆಯೇ ಮಾತು ಇರಬಹುದು. ಎರೆಯುವ ಕೈಗೆ ಎಲ್ಲ ಕೂಸುಗಳೂ ಒಂದೇ ಇದ್ದಾವು. ಆದರೆ ಕೂಸಿಗೆ? ಅದು ದೊಡ್ಡದಾದ ಮೇಲೆ, ಆ ಕೈ ತನ್ನದು ಹೌದೋ ಅಲ್ಲವೋ ಎಂದು ಒಮ್ಮೆಯಾದರೂ ಕೇಳದೆ ಇದ್ದೀತೆ?

ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಅವ್ವ ಹೋಗಿ ಎರಡು ತಿಂಗಳು ದಾಟಿದವು. ಮಣ್ಣಿನ ದಿನ ನಿನಗೆ ಸುದ್ದಿಯೇ ಮುಟ್ಟಲಿಲ್ಲ ಎಂಬುದು, ಪುಣ್ಯಾನುಮೋದನದ ಪ್ರಾರ್ಥನೆಗೆ ನಿನ್ನ ಗಂಡ ಪರಶು ಒಬ್ಬನೇ ಬಂದು ಎಲ್ಲರ ಹಿಂದೆ ನಿಂತಾಗ ನನಗೆ ತಿಳಿಯಿತು. ನಡೆದದ್ದು ಇಷ್ಟು. ಅವ್ವ ಹೋದ ದಿನ ಹೊರಗೆ ಕಟ್ಟೆಯ ಮೇಲೆ ನನ್ನ ತಮ್ಮ ಅರುಣಕುಮಾರ ಮತ್ತು ಹಿರಿಯರು ಕೂತು, ಯಾವ ಊರಲ್ಲಿ ಯಾರಿಗೆ ಹೇಳುವುದೆಂದು ಮಾತಾಡುತ್ತಿದ್ದರು. ನಿಮ್ಮೂರು ಹೊರ್ತಿಯ ಹೆಸರು ಬಂದಾಗ ಯಾರೋ, “ಧರೆಪ್ಪಗ ಹೇಳ್ರಿ. ಅಣ್ಣಗ ಹೇಳಿದ್ರ ತಮ್ಮಗ ಹೇಳಿದಂಗ” ಎಂದರು. ನಿನ್ನ ಭಾವ ಧರೆಪ್ಪನಿಗೂ ಪರಶುವಿಗೂ ಮಾತಿಲ್ಲವೆಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದರೆ ನಾನು ಒಳಗೆ ಅವ್ವನ ತಲೆ ಬಾಚುತ್ತಿದ್ದೆ. ಈ ಕೂದಲು ಇಷ್ಟು ತೆಳುವಾದದ್ದು ಯಾವಾಗ ಎಂದು ಯೋಚಿಸುತ್ತಿದ್ದೆ.

ಅಂದು ಬಂದ ಜನವನ್ನು ನೀನು ನೋಡಬೇಕಿತ್ತು. ಹೀಗೆ ಬರೆಯಲು ನನಗೆ ಮುಖವಿಲ್ಲ, ಆದರೂ ಬರೆಯುತ್ತೇನೆ. ಮೋರಟಗಿಯಿಂದ ಒಂದು ಟಂಟಂ ತುಂಬ ಹೆಂಗಸರು ಬಂದರು, ಅವ್ವ ಅಲ್ಲಿ ನರ್ಸ್ ಆಗಿದ್ದ ಕಾಲದವರು. ಮೀಸೆ ಬಂದ ಮಕ್ಕಳನ್ನು ಮುಂದೆ ತಳ್ಳಿ, “ಇಂವಾ ನರ್ಸಬಾಯಿ ಕೈಯಾಗ ಹುಟ್ಟಿದಾಂವ್ರಿ, ಕಾಲ ಮುಂದ ಮಾಡಿ ಬಂದಿದ್ದ” ಎಂದು ಎಲ್ಲರಿಗೂ ಹೇಳಿದರು. ಗಂಡಸರು ನಾಚಿ ನೆಲ ನೋಡಿದರು. ಒಬ್ಬ ಮುದುಕಿ ಅವ್ವನ ಮುಖವನ್ನು ನೋಡಲೇ ಇಲ್ಲ, ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದಳು.

ರಸ್ತೆ ಕಡೆಯ ಕೋಣೆ ನೀನು ಬಾಣಂತನ ಮುಗಿಸಿ ಹೋದಾಗ ಹೇಗಿತ್ತೋ ಹಾಗೇ ಇದೆ. ನಿನ್ನ ನಂತರವೂ ಎಷ್ಟೋ ಜನ ಅಲ್ಲಿ ಮಲಗಿ ಎದ್ದು ಹೋದರು. ತಾಯಿ ಸತ್ತವರು, ತಾಯಿ ಇದ್ದೂ ತವರಿನ ಬಾಗಿಲು ಹಾಕಿಸಿಕೊಂಡವರು. ಚೊಚ್ಚಲ ಹೆರಿಗೆಗೆ ಹೋಗಲು ಮನೆಯಿಲ್ಲದವರಿಗೆ ಇದೇ ತವರು ಎಂದು ಅವ್ವ ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ, ನೀರು ಕಾಯಿಸಿದಳು ಅಷ್ಟೆ. ದಸರೆಯಿಂದ ಆ ಕೋಣೆಯನ್ನು ಮೊಬೈಲ್ ರಿಪೇರಿ ಅಂಗಡಿಗೆ ಬಾಡಿಗೆ ಕೊಡೋಣ ಎನ್ನುತ್ತಾನೆ ಅರುಣ. ನಾನು ಹ್ಞೂಂ ಎಂದಿಲ್ಲ, ಬೇಡವೆಂದೂ ಹೇಳಿಲ್ಲ. ವಾರವೆಲ್ಲ ಬಾಗೇವಾಡಿಯ ಕಾಲೇಜಿನಲ್ಲಿ ಪಾಠ, ಈ ಮನೆಗೆ ನಾನು ಭಾನುವಾರದ ನೆಂಟಳು.

ನಾಗರ ಪಂಚಮಿ ಹತ್ತಿರ ಬಂತು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಕೆಳಗೆ ಅವ್ವ ಕೂತು ಶೇಂಗಾ ಉಂಡಿ ಕಟ್ಟುತ್ತಿದ್ದಳು. ವಿಹಾರದ ಹಿರಿಯರು ಈ ಹಬ್ಬ ಯಾಕೆಂದು ಕೇಳಿದರೆ, “ಹೆಣ್ಣಮಕ್ಕಳು ತವರಿಗೆ ಬರಾಕ ಯಾ ದೇವರ ಅಪ್ಪಣಿ ಬೇಕ್ರಿ?” ಎನ್ನುತ್ತಿದ್ದಳು. ಈ ಸಲ ನಾನೇ ಕಟ್ಟುತ್ತೇನೆ. ನಿನ್ನ ಡಬ್ಬಿ ಬಸ್ಸಿನಲ್ಲಿ ಬರುತ್ತದೆ. ಸಿಟ್ಟಿದ್ದರೂ ಒಂದು ಮಾತು ಬರೆ.

ನಿನ್ನ ಅಕ್ಕ
ಸಂಘಮಿತ್ರಾ


ಹೊರ್ತಿ
೧೪ ಆಗಸ್ಟ್ ೨೦೨೪

ಸಂಘಮಿತ್ರಾ ಮೇಡಂ ಅವರಿಗೆ,

ಉಂಡಿಯ ಡಬ್ಬಿ ಮುಟ್ಟಿತು. ಕಂಡಕ್ಟರ್ ಧೂಳಪ್ಪ ಅಂಗನವಾಡಿಯ ಬಾಗಿಲಿಗೇ ತಂದುಕೊಟ್ಟ. ಪಾಕ ಏರಿದೆ, ಉಂಡಿಗಳು ಕಲ್ಲಾಗಿದ್ದವು. ಪರಶು ಒರಳಿಗೆ ಹೊಡೆದು ಒಡೆದ. ತಿಂದೆವು. ತವರಿನದೆಂದು ತಿನ್ನಲಿಲ್ಲ, ಶೇಂಗಾ ಚೆಲ್ಲಬಾರದೆಂದು ತಿಂದೆವು.

ಆ ಸಾಲಿಗೆ ಮುಂದಿನ ಅರ್ಧ ಇಲ್ಲ. ಅಷ್ಟು ಹಾಡುವುದರೊಳಗೆ ಕೂಸು ಚೀರುತ್ತಿತ್ತು, ಅವ್ವ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ನೀವು ಆಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಿರಿ. ನಾನು ದಿನಾ ಕೇಳಿದವಳು.

ನಿಮ್ಮ ಕಾಗದ ಓದಿದರೆ ತಪ್ಪೆಲ್ಲ ಧರೆಪ್ಪನದೇ ಅನ್ನಿಸುತ್ತದೆ. ಧರೆಪ್ಪ ಹೇಳಿದ್ದರೆ ನನಗೆ ಸುದ್ದಿ ಸಿಗುತ್ತಿತ್ತು, ಕರೆ ಸಿಗುತ್ತಿರಲಿಲ್ಲ. ಹೊರ್ತಿ ಎಂದಾಗ ನಿಮ್ಮ ಕಟ್ಟೆಯ ಮೇಲಿದ್ದವರಿಗೆ ಪರಶುವಿನ ಹೆಂಡತಿ ನೆನಪಾದಳು. ನಿಮ್ಮ ಕಡೆಯ ಒಬ್ಬ ಸೊಸೆ. ಸೊಸೆಯಂದಿರು ಬಂದರೆ ಬಂದರು, ಬಿಟ್ಟರೆ ಬಿಟ್ಟರು. ಮನೆಯ ಹೆಣ್ಣುಮಕ್ಕಳ ಮಾತು ಹಾಗಲ್ಲ. ಎಲ್ಲರಿಗಿಂತ ಮೊದಲು ಅವರಿಗೆ ಹೇಳುತ್ತಾರೆ. ಅವರು ಬಂದು ಮುಖ ನೋಡುವ ತನಕ ಹೆಣ ಎತ್ತುವುದಿಲ್ಲ. ನನಗೆ ಸುದ್ದಿ ಗೊತ್ತಾದದ್ದು ಎಲ್ಲ ಮುಗಿದ ಮೇಲೆ, ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗಿಸುವಾಗ. ಅಂಗಡಿಯವ ಬೇರೆ ಗಿರಾಕಿಗೆ ಹೇಳುತ್ತಿದ್ದ.

ನಾನು ನಿಮ್ಮ ಮನೆಗೆ ಬಂದಾಗ ಕೋಮಲ ಹೊಟ್ಟೆಯಲ್ಲಿ ಏಳು ತಿಂಗಳಿನವಳು. ಕುರುಬರ ಹುಡುಗಿ ನಿಮ್ಮ ಜನದ ಪರಶುವನ್ನು ಮದುವೆಯಾದಳೆಂದು ಮಸೂತಿ ಊರಿನ ನಮ್ಮ ಮನೆಯಲ್ಲಿ ನನ್ನ ಹೆಸರು ಎತ್ತುವಂತಿರಲಿಲ್ಲ. ಅಪ್ಪ ಮಾಳಿಂಗಪ್ಪ ಒಂದು ದಿನ ನಿಮ್ಮ ಅಂಗಳಕ್ಕೆ ಬಂದು, ಹೆಗಲ ಮೇಲಿನ ಕಂಬಳಿ ಕೊಡವಿ, “ನನ್ನ ಮಗಳು ಸತ್ತಾಳಂತ ಹೇಳಾಕ ಬಂದೇನಿ” ಎಂದ.

ಅವ್ವ ಆಗತಾನೆ ಡ್ಯೂಟಿಯಿಂದ ಬಂದಿದ್ದಳು. ಬಿಳಿ ಸೀರೆ ಇನ್ನೂ ಬದಲಿಸಿರಲಿಲ್ಲ. “ಸತ್ತಾಕಿನ್ನ ನಾ ಇಟಗೋತೇನಿ ಬಿಡ್ರಿ. ನೀವು ಬಿಸಲಾಗ ಬಂದೀರಿ, ಚಹಾ ಕುಡೀರಿ” ಎಂದಳು.

“ನಿಮ್ಮನ್ಯಾಗ ಚಹಾ ಕುಡಿಯಾಂವಲ್ಲ ನಾ.”

“ಹಂಗಾರ ನೀರರ ಕುಡೀರಿ. ಕುರಿ ಕಾಯಾವ್ರು ನೀವು. ಹಳ್ಳದಾಗ ನೀರ ಕುಡಿಯುವಾಗ ಮ್ಯಾಲ ಯಾರ ಕುಡದಾರಂತ ಕೇಳತೀರೇನ?”

ಅಪ್ಪ ನೀರನ್ನೂ ಮುಟ್ಟದೆ ಹೋದ. ಅವ್ವ ನನ್ನ ಕಡೆ ತಿರುಗಿ, “ನಿಮ್ಮಪ್ಪಗ ಸಿಟ್ಟ ಭಾಳ. ನಿನಗೂ ಅದ ಬಂದೈತಿ. ಏಳ, ಉಣ್ಣು” ಎಂದಳು. ಅಳಲು ಹೊತ್ತೇ ಕೊಡಲಿಲ್ಲ.

ಕೋಮಲಳಿಗೆ ಈಗ ನಾಲ್ಕನೇ ತಿಂಗಳು. ಅವಳ ಮದುವೆಯಲ್ಲಿ ಇಂಡಿ ಊರಿನ ಬೀಗರ ಎದುರಿಗೆ ಅವ್ವ, “ಚೊಚ್ಚಲ ಹೆರಿಗಿ ನನ್ನ ಮನ್ಯಾಗ, ಈಕಿ ಹುಟ್ಟಿದ ಕೋಣ್ಯಾಗ” ಎಂದಿದ್ದಳು. ಕೋಮಲ ಅದನ್ನೇ ನಂಬಿಕೊಂಡಿದ್ದಾಳೆ. ಮೊನ್ನೆ ಅವಳ ಅತ್ತೆ ನನಗೆ ಕೇಳಿದರು, “ಅಜ್ಜಿ ಹ್ವಾದ್ಲು. ಇನ್ನ ನಿಮಗ ತವರ ಎಲ್ಲಿ ಉಳೀತ್ರಿ ಬೀಗತಿ?” ನನಗೂ ಗೊತ್ತಿಲ್ಲ. ತವರನ್ನು ಯಾರೂ ಕೇಳಿ ಪಡೆಯುವುದಿಲ್ಲ, ಕರೆದರೆ ಹೋಗುತ್ತಾರೆ. ನಾನು ಕೇಳುತ್ತಿಲ್ಲ. ಕೋಣೆಯನ್ನು ಅಂಗಡಿಗೆ ಕೊಡುವುದಾದರೆ ಕೊಡಿ.

ಸುವರ್ಣಾ ಪರಶುರಾಮ
ಅಂಗನವಾಡಿ ಕಾರ್ಯಕರ್ತೆ, ಹೊರ್ತಿ


ಬಸವನ ಬಾಗೇವಾಡಿ
೨೭ ಆಗಸ್ಟ್ ೨೦೨೪

ಸುವರ್ಣಾ,

ಮೇಡಂ ಎಂದು ಬರೆದಿದ್ದೀ, ನೀವು ಎಂದು ಬರೆದಿದ್ದೀ. ನಮ್ಮ ಸೀಮೆಯಲ್ಲಿ ಗೌರವ ಕೊಟ್ಟು ದೂರ ಇಡುವುದು ಬೈಗುಳಕ್ಕಿಂತ ಹೆಚ್ಚು ತಾಗುತ್ತದೆ. ತಾಗಲಿ ಎಂದೇ ಬರೆದಿದ್ದೀ.

ನೀನು ಹೇಳಿದ್ದು ಸರಿ. ಅಂದು ನಾನು ಹೊರಗೆ ಬಂದು, ಹೊರ್ತಿಗೆ ನಾನೇ ಹೇಳುತ್ತೇನೆ, ಅಲ್ಲಿ ಅವ್ವನ ಮಗಳಿದ್ದಾಳೆ ಎನ್ನಬೇಕಿತ್ತು. ಅದು ನನಗೆ ಹೊಳೆಯಲೇ ಇಲ್ಲ. ಹೊಳೆಯದೆ ಇದ್ದದ್ದೇ ನಿನಗೆ ನೋವು ಎಂಬುದು ಈಗ ತಿಳಿಯುತ್ತಿದೆ.

ಮೊನ್ನೆ ರಜೆಯ ದಿನ ಮುದ್ದೇಬಿಹಾಳಕ್ಕೆ ಹೋಗಿ ಅರುಣನನ್ನು ಅವನ ಮನೆಯಲ್ಲಿ ಕಂಡೆ. ಕೋಣೆ ಅಂಗಡಿಗೆ ಬೇಡ, ಕೋಮಲಳನ್ನು ಕರೆಯೋಣ, ನೀನು ಹೋಗಿ ಕರೆದುಕೊಂಡು ಬಾ ಎಂದೆ. ಅವನು ತಾಟಿನ ಮುಂದೆ ಕೂತಿದ್ದ, ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

“ಅಕ್ಕಾ, ಹತ್ತನೇತ್ತಾ ಪರೀಕ್ಷಾಕ್ಕ ನಾ ಎಲ್ಲಿ ಓದೇನಿ, ನೆನಪೈತೇನ ನಿನಗ? ಮಗ್ಗಲ ಮನಿ ಜೋಹರಾಬಿ ಚಾಚಿ ಕಟ್ಟಿ ಮ್ಯಾಲ. ನನ್ನ ಕೋಣ್ಯಾಗ ಯಾರದೋ ಕೂಸು ಮಲಗಿತ್ತು. ಜ್ವರಾ ಬಂದಾಗ ನನಗ ಗಂಜಿ ಕುಡಿಸಿದಾಕಿ ಚಾಚಿ. ಅವ್ವ ಯಾರದೋ ಬಾಣಂತಿ ನೀರ ಕಾಸಾಕತ್ತಿದ್ಲು.”

“ಅವ್ವ ನಿನ್ನನ್ನ ನೋಡಲಿಲ್ಲ ಅಂತೀಯೇನು?”

“ನೋಡ್ತಿದ್ಲು. ಬಂದು ಹಣಿ ಮುಟ್ಟಿ, ಗುಳಿಗಿ ಕೊಟ್ಟು, ಮತ್ತ ಬರ್ತೇನಿ ಅಂತ ಹೋಗ್ತಿದ್ಲು. ಊರಿಗೆಲ್ಲಾ ಆಕಿ ಅವ್ವ. ನಮಗ ಮನಿಗೆ ಬಂದು ನೋಡಿ ಹೋಗೋ ನರ್ಸಬಾಯಿ.”

ಬಸ್ಸಿನಲ್ಲಿ ಬರುವಾಗ ಆ ಮಾತನ್ನೇ ತಿರುವಿ ಹಾಕಿದೆ. ಉದಾರಿಗಳ ಬಗ್ಗೆ ಪದ್ಯ ಕಟ್ಟುವವರು ಅವರ ಮನೆಯ ಮಕ್ಕಳನ್ನು ಕೇಳಿ ಕಟ್ಟುವುದಿಲ್ಲ. ಅವ್ವ ಕೊಡುತ್ತಿದ್ದದ್ದು ತನ್ನದು ಮಾತ್ರ ಆಗಿರಲಿಲ್ಲ. ನಮ್ಮ ಹಾಸಿಗೆ, ನಮ್ಮ ರಜೆಗಳು, ನಮ್ಮ ಪಾಲಿನ ಅವ್ವ ಎಲ್ಲವೂ ಅದರಲ್ಲಿ ಸೇರಿದ್ದವು. ಅರುಣನ ಸಿಟ್ಟು ಸುಳ್ಳಲ್ಲ.

ಆದರೆ ಅದೇ ಬಸ್ಸಿನಲ್ಲಿ ನನಗೆ ಇನ್ನೊಂದು ನೆನಪಾಯಿತು. ಸಣ್ಣವಳಿದ್ದಾಗ ಒಮ್ಮೆ ಅವ್ವನ ಜೊತೆ ಮೋರಟಗಿಯ ಒಂದು ದೊಡ್ಡ ಮನೆಗೆ ಹೋಗಿದ್ದೆ. ಕೂಸು ಹುಟ್ಟಿತು. ಆ ಮನೆಯ ಅಜ್ಜಿ ಒಲೆಯ ಬೂದಿ ಹಿಡಿದು ಹೊಕ್ಕಳಿಗೆ ಹಚ್ಚಲು ಬಂದಳು. ಅವ್ವ ಕೈ ಅಡ್ಡ ಹಿಡಿದು, “ಬೂದಿ ಹಚ್ಚೂದಾದ್ರ ನನ್ನ ಹಣಿಗೆ ಹಚ್ರಿ ಅಮ್ಮಾರ, ಕೂಸಿಗೆ ಬ್ಯಾಡ” ಎಂದಳು. ಅಜ್ಜಿ ನಕ್ಕು ಕೈ ಹಿಂತೆಗೆದುಕೊಂಡಳು. ಆಮೇಲೆ ನಮಗೆ ಚಹಾ ಬಂತು, ಹಿತ್ತಿಲ ಕಟ್ಟೆಗೆ, ಬೇರೆಯೇ ಇಟ್ಟ ಬಟ್ಟಲುಗಳಲ್ಲಿ. ನಾನು ಕುಡಿಯಲಿಲ್ಲ. ಅವ್ವ ಕುಡಿದಳು, ಬಟ್ಟಲು ತೊಳೆದಿಟ್ಟಳು. ದಾರಿಯಲ್ಲಿ ನಾನು ಅಳುತ್ತಿದ್ದಾಗ, “ಅವರ ಬಟ್ಟಲ ಬ್ಯಾರೆ ಇಡ್ಲಿ. ಆ ಕೂಸಿನ್ನ ಮೊದಲ ಮುಟ್ಟಿದ ಕೈ ಯಾವುದಂತ ಅವರಿಗೂ ಗೊತ್ತೈತಿ” ಎಂದಳು. ಆ ಮನೆಯ ಸೊಸೆ ಎರಡನೆಯ ಹೆರಿಗೆಗೆ ಹಟ ಹಿಡಿದು ನಮ್ಮ ಮನೆಗೇ ಬಂದಳು, ನಮ್ಮ ಬಟ್ಟಲಲ್ಲೇ ಗಂಜಿ ಕುಡಿದಳು.

ಸ್ವಲ್ಪ ತಾಳು. ಅರುಣ ಕೆಟ್ಟವನಲ್ಲ.

ಸಂಘಮಿತ್ರಾ


ಹೊರ್ತಿ
೨೦ ಸೆಪ್ಟೆಂಬರ್ ೨೦೨೪

ಸಂಘಮಿತ್ರಾ ಅವರಿಗೆ,

ಕೋಮಲಳ ಕುಬಸ ಮುಗಿಯಿತು. ಇಂಡಿಯ ಬೀಗರು ಬಂದಿದ್ದರು. ಹಸಿರು ಸೀರೆ ನಾನೇ ತಂದಿದ್ದೆ, ಬಳೆ ತೊಡಿಸಿದೆವು. ಸೋದರಮಾವ ಕೂರುವ ಮಣೆಯನ್ನು ಹಾಸಿದೆ. ಮದುವೆಯಲ್ಲಿ ನಿಮ್ಮ ತಮ್ಮ ಕೂತಿದ್ದರು, ಅವ್ವ ಕೂರಿಸಿದ್ದಳು. ಈ ಸಲ ಪರಶುವಿನ ಗೆಳೆಯರೊಬ್ಬರು, “ನಾ ಕೂಡ್ತೇನಿ ಬಿಡ್ರಿ, ಯಾರಾದ್ರೇನ” ಎಂದರು. ಬೇಡವೆಂದೆ. ಮಣೆ ಖಾಲಿ ಇಟ್ಟುಕೊಂಡೇ ಆರತಿ ಮಾಡಿದೆವು. ಬೀಗರು ನೋಡಿದರು. ನೋಡಲಿ ಎಂದೇ ಇಟ್ಟಿದ್ದೆ.

ಇನ್ನು ಕಾಗದ ಬೇಡ. ಕೋಮಲ ಈಗ ಇಲ್ಲೇ ಇದ್ದಾಳೆ, ಓದಿ ಅಳುತ್ತಾಳೆ, ಈ ಹೊತ್ತಿನಲ್ಲಿ ಅದು ಒಳ್ಳೆಯದಲ್ಲ.

ಸುವರ್ಣಾ


ಸಿಂದಗಿ
೬ ಅಕ್ಟೋಬರ್ ೨೦೨೪

ಸುವರ್ಣಾ,

ಬೇಡವೆಂದರೂ ಬರೆಯುತ್ತಿದ್ದೇನೆ.

ಮೊನ್ನೆ ಹೊರ್ತಿಗೆ ಬಂದೆನಲ್ಲ, ನೀನು ಬಾಗಿಲು ತೆರೆದೆ, ನೀರು ಕೊಟ್ಟೆ, ಚಹಾ ಕೊಟ್ಟೆ. ನಾನು ಹೊತ್ತು ತಂದ ಬುತ್ತಿಯನ್ನು ಮಾತ್ರ ನೀನು ಬಿಚ್ಚದೆ ಗೂಟಕ್ಕೆ ಹಾಕಿದೆ. ಕೋಮಲ ಒಳಗಿನಿಂದ ಇಣುಕಿ ನೋಡಿ ಮತ್ತೆ ಒಳಗೆ ಹೋದಳು. ಹೊರಡುವಾಗ ನೀನು ಹೇಳಿದ ಮಾತು ಬಸ್‌ಸ್ಟ್ಯಾಂಡಿನವರೆಗೂ ನನ್ನ ಜೊತೆ ಬಂತು. “ಬುತ್ತಿ ತಗೊಂಡು ಕರಿಯಾಕ ಅಣ್ಣತಮ್ಮರು ಬರ್ತಾರ ಅಕ್ಕಾ. ಅಕ್ಕ ಒಬ್ಬಾಕಿನ ಬಂದ್ರ ಬೀಗರು ಏನಂತಾರ? ತಮ್ಮಗ ಮನಸ್ಸಿಲ್ಲ, ಅಕ್ಕ ಕದ್ದು ಕರ್ಕೊಂಡು ಹೋದ್ಲು ಅಂತಾರ.” ನಿಜ. ಅದರ ನಡುವೆ ಅಕ್ಕಾ ಎಂದದ್ದನ್ನು ನಾನು ಕೇಳಿಸಿಕೊಂಡಿದ್ದೇನೆ, ಅದನ್ನು ಹಿಂದೆ ಪಡೆಯಬೇಡ.

ಮೊಬೈಲ್ ಅಂಗಡಿಯವನಿಗೆ ಕೋಣೆ ಇಲ್ಲವೆಂದು ನಾನೇ ಹೇಳಿದೆ. ಆಮೇಲೆ ಅರುಣನಿಗೆ ಫೋನು ಮಾಡಿದೆ. ಅವನು ಕೂಗಾಡಿದ. ಕೂಗಿ ಮುಗಿದ ಮೇಲೆ ಕುಬಸದ ಸಂಗತಿ ಹೇಳಿದೆ, ಸುಮ್ಮನೆ, ನೀನು ಬರೆದಷ್ಟೇ. ಅವನು ಕೇಳಿದ, “ಮಣಿ ಖರೇನ ಖಾಲಿ ಇಟ್ಟಿದ್ಲಂತೇನ?”

“ಹೌದು.”

“ಬೀಗರ ಮುಂದ?”

“ಬೀಗರ ಮುಂದ.”

“ಭಾಳ ಸೊಕ್ಕೈತಿ ಆಕಿಗೆ” ಎಂದು ಫೋನು ಇಟ್ಟ.

ಅದರ ನಂತರ ನಾನು ಕೇಳಿಲ್ಲ, ಅವನೂ ಹೇಳಿಲ್ಲ. ಕೋಣೆಯ ಕಿಟಕಿ ತೆರೆದು ಕಸ ಹೊಡೆದೆ. ಅವ್ವನ ವಾಸನೆ ಇನ್ನೂ ಇದೆ, ಡೆಟಾಲು ಮತ್ತು ಮೆಂತ್ಯೆ ಕೂಡಿದ್ದು. ನನಗೆ ಹೆದರಿಕೆಯೂ ಆಗುತ್ತಿದೆ. ನಾನು ನರ್ಸ್ ಅಲ್ಲ. ರಕ್ತ ನೋಡಿದರೆ ಗೋಡೆ ಹಿಡಿದು ಕೂರುವವಳು. ಇಷ್ಟು ವರ್ಷ ಈ ಮನೆಯಲ್ಲಿದ್ದೂ ಒಂದು ಕೂಸಿಗೆ ಎರೆದಿಲ್ಲ.

ನಿನ್ನ ಅಕ್ಕ
ಸಂಘಮಿತ್ರಾ


ಹೊರ್ತಿ
೧೮ ನವೆಂಬರ್ ೨೦೨೪

ಅಕ್ಕಾ,

ನಿನ್ನೆ ಅರುಣಕುಮಾರ ಬಂದಿದ್ದ. ನಿನಗೂ ಹೇಳದೆ ಬಂದಿದ್ದನಂತೆ.

ಅಂಗಳದಲ್ಲಿ ಬೈಕು ನಿಲ್ಲಿಸಿ ಹೊಸ್ತಿಲ ಹೊರಗೇ ನಿಂತ. ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಚೀಲಗಳು. ಪರಶು ಒಳಗೆ ಕರೆದರೂ ಬರಲಿಲ್ಲ.

“ಮದಲ ಬುತ್ತಿ ತಗೋರಿ. ಇಂಡಿ ಖಾನಾವಳಿಯಾಗ ಕಟ್ಟಿಸೇನಿ. ಮನ್ಯಾಗ ಹೇಳಿದ್ರ ನಾಕ ಮಂದಿ ನಾಕ ಮಾತಾಡ್ತಾರ.”

“ತವರ ಬುತ್ತಿ ಖಾನಾವಳಿಯಾಗಿಂದ ತರ್ತಾರೇನ?” ಎಂದೆ.

“ನನಗ ಇಷ್ಟ ಬರೂದು. ಬ್ಯಾಡಾದ್ರ ಹೇಳು, ಇಲ್ಲೇ ಕಟ್ಟಿ ಮ್ಯಾಲ ಕೂತ ನಾನ ಉಂಡು ಹೋಗ್ತೇನಿ. ಹಸಿವೂ ಆಗೈತಿ.”

ಪರಶು ನಕ್ಕ. ನನಗೆ ನಗು ಬರಲಿಲ್ಲ. ಯಾಕೆ ಬಂದಿ ಎಂದು ಕೇಳಿದೆ. ಅವನು ನೆಲ ನೋಡುತ್ತ ಹೇಳಿದ, “ಸುವರ್ಣಕ್ಕ, ನಿನ್ನ ಮ್ಯಾಲ ನನಗ ಹಳೇ ಸಿಟ್ಟೈತಿ. ನೀ ನನ್ನ ಕೋಣಿ ಕಸಗೊಂಡಿ.”

“ನಾ ಕಸಗೊಂಡಿಲ್ಲ. ಅವ್ವ ಕೊಟ್ಲು.”

“ಅದನ್ನ ಹೇಳಾಕತ್ತೇನಿ, ಕೇಳು. ಆ ಕೋಣ್ಯಾಗ ಎಷ್ಟ ಮಂದಿ ಬಂದ್ರು, ಹೋದ್ರು. ಅವರ ಹೆಸರೂ ನನಗ ನೆನಪಿಲ್ಲ. ನಿನ್ನ ಮ್ಯಾಲಿನ ಸಿಟ್ಟ ಮಾತ್ರ ಹೋಗವಲ್ದು. ಬಂದು ಹೋಗಾವ್ರ ಮ್ಯಾಲ ಇಷ್ಟ ವರ್ಷ ಯಾರರ ಸಿಟ್ಟ ಹಿಡೀತಾರೇನ? ಒಡಹುಟ್ಟಿದವರ ಮ್ಯಾಲ ಹಿಡೀತಾರ.”

ಅಷ್ಟು ಹೇಳುವುದರೊಳಗೆ ಅವನ ಕಿವಿಗಳು ಕೆಂಪಾಗಿದ್ದವು. ಆಮೇಲೆ ಗಂಟಲು ಏರಿಸಿ ಬೈಯಲು ಶುರು ಮಾಡಿದ. “ಮಣಿ ಖಾಲಿ ಇಟ್ಟು ಬೀಗರ ಮುಂದ ನನ್ನ ಮಾನಾ ಕಳದಿ. ಒಂದ ಫೋನ್ ಮಾಡಿ, ಬಾರೋ ಹುಚ್ಚಪ್ಯಾಲಿ ಅಂತ ಅಂದಿದ್ರ ಬರ್ತಿದ್ನಿಲ್ಲೋ ನಾ? ಕೋಮಲಾ, ಏ ಕೋಮಲಾ, ಚೀಲ ಕಟ್ಟ. ನಿಮ್ಮವ್ವನ ಮಾತ ಕೇಳಬ್ಯಾಡ.”

ಕೋಮಲಳ ಚೀಲ ಮೊದಲೇ ಕಟ್ಟಿತ್ತು ಅಕ್ಕಾ. ಯಾವಾಗ ಕಟ್ಟಿಟ್ಟಿದ್ದಳೋ ನನಗೆ ಗೊತ್ತಿಲ್ಲ.

ಬುತ್ತಿಯನ್ನು ಎಲ್ಲರೂ ಕೂತು ಉಂಡೆವು. ಬದನೆಕಾಯಿ ಎಣ್ಣೆಗಾಯಿ ಚೆನ್ನಾಗಿತ್ತು, ನಿನ್ನ ಉಂಡಿಗಿಂತ ವಾಸಿ. ಬರುವ ಭಾನುವಾರ ಅವನು ಜೀಪು ಮಾಡಿಕೊಂಡು ಬಂದು ಕೋಮಲಳನ್ನು ಕರೆತರುತ್ತಾನೆ. ನನಗೆ ರಜೆ ಸಿಗುವುದು ಹೆರಿಗೆಯ ಹೊತ್ತಿಗೆ. ಅಲ್ಲಿಯವರೆಗೆ ಅವಳು ನಿನ್ನವಳು. ಖಾರ ಕೇಳುತ್ತಾಳೆ, ಕೊಡಬೇಡ.

ಸುವರ್ಣಾ


ಸಿಂದಗಿ
೧೫ ಡಿಸೆಂಬರ್ ೨೦೨೪

ಪ್ರೀತಿಯ ಸುವರ್ಣಾ,

ಕೋಮಲ ಚೆನ್ನಾಗಿದ್ದಾಳೆ. ಸರಕಾರಿ ದವಾಖಾನೆಗೆ ನಡೆದೇ ಹೋಗಿ ಬಂದೆವು, ಡಾಕ್ಟರು ಎಲ್ಲ ಸರಿಯಿದೆ ಎಂದರು. ಖಾರ ಕೊಡುತ್ತಿಲ್ಲ. ಜೋಹರಾಬಿ ಗೋಡೆಯ ಮೇಲಿಂದ ಕೊಡುತ್ತಾಳೆ, ಅದಕ್ಕೆ ನಾನು ಹೊಣೆಯಲ್ಲ.

ಬಾಗೇವಾಡಿಯ ಬಾಡಿಗೆ ಕೋಣೆ ಬಿಟ್ಟೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಪುಸ್ತಕಗಳೆಲ್ಲ ಇಲ್ಲಿಗೆ ಬಂದವು. ಕೋಮಲ ಮಧ್ಯಾಹ್ನ ಒಂದು ಕವನಸಂಕಲನ ಎತ್ತಿಕೊಂಡು, ಎರಡು ಪುಟ ಓದಿ, ಎದೆಯ ಮೇಲಿಟ್ಟುಕೊಂಡು ಮಲಗುತ್ತಾಳೆ. ಕವಿಗಳಿಗೆ ಇದಕ್ಕಿಂತ ಒಳ್ಳೆಯ ಓದುಗರು ಸಿಗುವುದಿಲ್ಲ.

ಬಾಣಂತಿಯ ಉಂಡಿಗೆಂದು ಅಂಟು, ಅಳವಿ, ಒಣಕೊಬ್ಬರಿ ಎಲ್ಲ ತಂದಿಟ್ಟಿದ್ದೇನೆ. ಯಾವುದು ಯಾವಾಗ ಎಂದು ಗೊತ್ತಿಲ್ಲ. ಕೂಸಿಗೆ ಎರೆಯುವ ಕೆಲಸ ಜೋಹರಾಬಿಯದು. ಅವ್ವ ಡ್ಯೂಟಿಯಲ್ಲಿದ್ದಾಗ ಎಷ್ಟೋ ಕೂಸುಗಳಿಗೆ ಎರೆದವಳು ಆಕೆಯೇ. ನಾನು ನೀರು ಕಾಯಿಸುತ್ತೇನೆ. “ನೀ ಒಲಿ ಮುಂದ ಪುಸ್ತಕ ಹಿಡದ ಕೂತ್ರ ನೀರ ಆರಿ ಹೋಗತೈತಿ ನೋಡ” ಎಂದು ಈಗಲೇ ಎಚ್ಚರಿಸಿದ್ದಾಳೆ.

ಅಜ್ಜಿ ಯಾಕೆ ಹೀಗೆ ಮಾಡುತ್ತಿದ್ದಳು ಎಂದು ನಿನ್ನೆ ಕೋಮಲ ಕೇಳಿದಳು. ಸೊಪ್ಪು ಸೋಸುತ್ತಿದ್ದ ಜೋಹರಾಬಿ ಉತ್ತರ ಕೊಟ್ಟಳು. ನಾನು ಹುಟ್ಟಿದಾಗ ಅವ್ವನ ತಾಯಿ ಇರಲಿಲ್ಲವಂತೆ. ಮೋರಟಗಿಯ ಕ್ವಾರ್ಟರ್ಸಿನಲ್ಲಿ ಹೆರಿಗೆಯಾಗಿ, ಕೆಲವೇ ದಿನಕ್ಕೆ ನನ್ನನ್ನು ಸೀರೆಯ ಜೋಳಿಗೆಯಲ್ಲಿ ಮಲಗಿಸಿ ಡ್ಯೂಟಿಗೆ ಹೋದಳಂತೆ. ಎದೆಹಾಲು ಸೋರಿ ಬಿಳಿ ಸೀರೆ ಒದ್ದೆಯಾಗುತ್ತಿತ್ತಂತೆ. ಅವ್ವ ಇದನ್ನು ನನಗೆ ಹೇಳಿರಲಿಲ್ಲ. ಹೀಗಾಗಿ ಹಾಗಾಯಿತು ಎಂದು ನಾನು ಒಪ್ಪುವುದಿಲ್ಲ. ತನಗೆ ಸಿಗದೆ ಇದ್ದದ್ದನ್ನು ಬೇರೆಯವರಿಗೂ ಸಿಗಗೊಡದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವ್ವನಿಗೆ ಹಾಗೆ ಆಗಲು ಸುಲಭವಿತ್ತು. ಆಕೆ ಹಾಗೆ ಆಗಲಿಲ್ಲ.

ಅರುಣ ಎರಡು ಭಾನುವಾರ ಬಂದ. ಕೋಣೆಯ ಒಳಗೆ ಹೋಗುವುದಿಲ್ಲ, ಬಾಗಿಲಲ್ಲಿ ನಿಂತು, “ಫ್ಯಾನ್ ತಿರಗತೈತೇನ?” ಎಂದು ಕೇಳಿ ಹೋಗುತ್ತಾನೆ. ಚಳಿಗಾಲದಲ್ಲಿ ಫ್ಯಾನು.

ನೀನು ಬೇಗ ಬಾ. ಧೈರ್ಯ ಹೇಳುವವಳು ನಾನೇ ಆಗಿದ್ದೇನೆ, ನನಗೆ ಹೇಳುವವರು ಬೇಕು.

ನಿನ್ನ ಅಕ್ಕ
ಸಂಘಮಿತ್ರಾ


ಹೊರ್ತಿ
೯ ಮಾರ್ಚ್ ೨೦೨೫

ಅಕ್ಕಾ,

ಸುಖವಾಗಿ ಊರು ಮುಟ್ಟಿದೆ. ಅಂಗನವಾಡಿಯ ಮಕ್ಕಳು ನನ್ನನ್ನು ಮರೆತಿಲ್ಲ, ಕಲಿಸಿದ್ದನ್ನು ಮರೆತಿದ್ದಾರೆ. ನಾನು ಹೆರಿಗೆಗೆಂದು ಅಲ್ಲಿದ್ದ ಒಂದೂವರೆ ತಿಂಗಳು ಪರಶು ತಾನೇ ರೊಟ್ಟಿ ಬಡಿದುಕೊಂಡು ತಿಂದಿದ್ದಾನೆ, ಅದನ್ನು ದಿನಕ್ಕೊಮ್ಮೆ ಹೇಳುತ್ತಾನೆ. ಕೋಮಲ ಫೋನಿನಲ್ಲಿ ಕೂಸಿನ ಆಕಳಿಕೆ ಕೇಳಿಸುತ್ತಾಳೆ. ಮೊನ್ನೆ ಜೋಹರಾಬಿ ನಿನ್ನ ಕೈಯಿಂದಲೂ ಕೂಸಿಗೆ ಒಂದು ತಂಬಿಗೆ ನೀರು ಹಾಕಿಸಿದಳಂತೆ, ಕೂಸಿಗಿಂತ ನೀನೇ ಹೆಚ್ಚು ಚೀರಿದೆಯಂತೆ.

ನಾನು ಹೊರಟ ದಿನ ಏನಾಯಿತೆಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಫೋನಿನಲ್ಲಿ ಹೇಳಲು ನನಗೂ ಬಾಯಿ ಬರಲಿಲ್ಲ.

ಪರೀಕ್ಷೆಯ ಡ್ಯೂಟಿ ಎಂದು ನೀನು ನಸುಕಿನಲ್ಲೇ ಬಾಗೇವಾಡಿಗೆ ಹೋದೆ. ನಾನು ಕೋಮಲಳಿಗೆ ಉಣ್ಣಲು ಕೊಟ್ಟು, ಕೂಸಿಗೆ ಮುತ್ತು ಕೊಟ್ಟು, ಚೀಲ ಹಿಡಿದು ಹೊರಬಿದ್ದೆ. ಜೋಹರಾಬಿ ಎದುರಿಗೆ ಬಂದು ಹೊಸ್ತಿಲಲ್ಲಿ ಅಡ್ಡ ನಿಂತಳು.

“ಎಲ್ಲಿ ಹೊಂಟೀ?”

“ಊರಿಗೆ ಚಾಚಿ. ಬಸ್ಸಿನ ಹೊತ್ತಾತು.”

“ಖಾಲಿ ಸೆರಗಲೇ ಹೊಂಟೀಯೇನ?”

ಆಗ ನನಗೆ ತಿಳಿಯಿತು. ನೀನು ಉಡಿ ತುಂಬುವುದನ್ನು ಮರೆತು ಹೋಗಿದ್ದೆ. ಸಿಟ್ಟು ಬರಲಿಲ್ಲ ಅಕ್ಕಾ. ನೀನು ಮುಂದಿನ ಸಲವೂ ಮರೆಯುತ್ತೀ. ಅಕ್ಕ ಗಡಿಬಿಡಿಯಲ್ಲಿ ಹೋದಳು, ಇರಲಿ ಬಿಡು ಎಂದೆ.

“ಆಕಿಗೆ ಪುಸ್ತಕದಾಗಿಂದು ಬಿಟ್ರ ಏನ ತಿಳೀತೈತಿ? ಮನಿ ಮಗಳನ್ನ ಹಿಂಗ ಕಳಸ್ತಾರೇನ? ನಿಮ್ಮವ್ವ ಸಾವಿತ್ರವ್ವ ಇದ್ದಿದ್ರ ನನ್ನ ಹಲ್ಲ ಉದರಸ್ತಿದ್ಲು, ನೀ ಮಗ್ಗಲ ಮನ್ಯಾಗ ಇದ್ದು ಏನ ಮಾಡಾಕತ್ತಿದ್ದೀ ಅಂತ. ನಿಲ್ಲ ಇಲ್ಲೇ.”

ಸೀದಾ ನಿಮ್ಮ ಅಡುಗೆಮನೆಗೆ ಹೋಗಿ ಜೋಳ ತಂದಳು, ತನ್ನ ಮನೆಗೆ ಹೋಗಿ ಕೊಬ್ಬರಿ ಬಟ್ಟಲೂ ಒಂದು ರವಿಕೆ ಖಣವೂ ತಂದಳು.

“ಚಾಚಿ, ನೀವು ಉಡಿ ತುಂಬ್ತೀರೇನ?”

“ಯಾಕ, ನಾ ತುಂಬಿದ್ರ ನಿಮ್ಮ ಜ್ವಾಳ ರೊಟ್ಟಿ ಆಗೂದಿಲ್ಲೇನ? ಸೆರಗ ಹಿಡಿ.”

ಹಿಡಿದೆ. ಒಂದೊಂದು ಬೊಗಸೆ ಬಿದ್ದಂತೆ ಸೆರಗು ಭಾರವಾಯಿತು. ಅವ್ವ ಕೋಮಲಳನ್ನು ನನ್ನ ಕೈಗೆ ಕೊಟ್ಟು ಕಳಿಸಿದ ದಿನವೂ ಇದೇ ಹೊಸ್ತಿಲಲ್ಲಿ ಹೀಗೇ ತುಂಬಿದ್ದಳು. ಅಕ್ಕಾ, ಅವ್ವ ಹೋದ ಮೇಲೆ ನಾನು ಅತ್ತಿರಲಿಲ್ಲ. ಅಳಲು ನನಗೆ ಜಾಗ ಇರಲಿಲ್ಲ. ಅಲ್ಲಿ, ಹಾಡುಹಗಲಿನಲ್ಲಿ, ರಸ್ತೆಯ ಜನವೆಲ್ಲ ನೋಡುತ್ತಿರುವಾಗ, ಕಾಳು ತುಂಬಿದ ಸೆರಗು ಹಿಡಿದುಕೊಂಡು ಕೂತುಬಿಟ್ಟೆ. ಅವ್ವಾ ಎಂದು ಕೂಗಿದ್ದು ನನಗೇ ಕೇಳಿಸಿತು. ಕೋಮಲ ಎದ್ದು ಬರಲು ಹೊರಟಳು, ಜೋಹರಾಬಿ ಅವಳನ್ನು ಕೈಸನ್ನೆಯಲ್ಲೇ ತಡೆದಳು. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ನಾನು ಏಳಲು ನೋಡಿದೆ. ಆಕೆ ನನ್ನ ಹೆಗಲ ಮೇಲೆ ಕೈ ಒತ್ತಿ ಕೂರಿಸಿದಳು.

“ಹೋಗ್ಲಿ ಬಿಡ ಆ ಬಸ್ಸ. ಮಣ್ಣಿನ ದಿನ ಮಗಳು ಅಳಬೇಕಾಗಿದ್ದ ಬಾಗಲಾ ಇದು. ಅತ್ತ ಮುಗಸು. ನಿಮ್ಮೂರ ಕಡೆ ಇನ್ನೊಂದ ಬಸ್ಸ ಐತಿ.”

ನಿನ್ನ ತಂಗಿ
ಸುವರ್ಣಾ